ಹೊರಗೆ ಕಟ್ಟಿದ ನೌಕೆಗೂ ಲೆಕ್ಕವುಂಟು

ಕಳೆದ ಬೇಸಗೆ ರಜೆಯ ಒಂದು ಮಧ್ಯಾಹ್ನ, ನಮ್ಮ ಶಾಲೆಯ ಜಗಲಿಯಲ್ಲಿ ಕುಳಿತಿದ್ದ ನಾಲ್ವರು ಮಕ್ಕಳು ಒಂದು ಬಾಹ್ಯಾಕಾಶ ನೌಕೆಯೊಂದಿಗೆ ದೊಡ್ಡ ಸಂಕಟದಲ್ಲಿ ಸಿಲುಕಿದ್ದರು. ನೌಕೆ ಇದ್ದುದು ಗ್ರಾಫ್ ಹಾಳೆಯ ಮೇಲೆ, ಸಂಕಟವೂ ಅಲ್ಲಿಯೇ. ಗಾಳಿ ಕೆಟ್ಟುಹೋಗಿದ್ದ ಒಂದು ಗಣಿಯಿಂದ ನಾಲ್ವರು ಕೆಲಸಗಾರರನ್ನು ಅವರು ತಮ್ಮ ಕಿರುನೌಕೆಯಲ್ಲಿ ಪಾರುಮಾಡಿ ತಂದಿದ್ದರು. ಕಿರುನೌಕೆಯನ್ನು ತಾಯಿನೌಕೆಯ ಹೊರಮೈಗೆ ಕೊಂಡಿ ಹಾಕಿ ಬಿಗಿದಿದ್ದರು. ಕಳ್ಳನೌಕೆಯೊಂದು ಎರಡು ಗಂಟೆಯ ದಾರಿಯಷ್ಟು ಹಿಂದೆ ಇತ್ತು. ಇನ್ನು ದೂರದ ನಕ್ಷತ್ರಕ್ಕೆ ಜಿಗಿಯುವುದೊಂದೇ ಬಾಕಿ. ಆಗ ನಾನು, ಆಟದ ನಿರ್ಣಾಯಕಿಯಾಗಿ, ಒಂದು ಪ್ರಶ್ನೆ ಕೇಳಿದೆ: “ನಿಮ್ಮ ಜಿಗಿತದ ಯಂತ್ರ ಎಷ್ಟು ಟನ್ನಿಗೆ ಮಾಡಿದ್ದು?”

“ಇನ್ನೂರಕ್ಕೆ ಟೀಚರ್.”

“ಕಿರುನೌಕೆ ಸೇರಿ ಈಗ ಎಷ್ಟು?”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮತ್ತೆ ಒಬ್ಬಳು ತಕರಾರು ತೆಗೆದಳು: “ಅದನ್ನು ಹೊರಗೆ ಕಟ್ಟಿದ್ದಲ್ವಾ ಟೀಚರ್? ಹೊರಗಿರುವುದು ನಮ್ಮ ಹಡಗಿನ ಲೆಕ್ಕಕ್ಕೆ ಬರುವುದು ಹೇಗೆ?”

ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. “ಪರೀಕ್ಷೆಯ ವರ್ಷ ಹತ್ತಿರ ಬರುವಾಗ ಈ ದಾಳದ ಆಟ ಯಾಕೆ?” ಎಂದು ಕೆಲವು ಪೋಷಕರು ಕೇಳಿದ್ದುಂಟು. ಅವರಿಗೂ ಇದರಲ್ಲಿ ಉತ್ತರ ಸಿಕ್ಕೀತು.

ಆಟ ಯಾವುದು?

ಈ ಆಟದ ಹೆಸರು ಟ್ರಾವೆಲರ್. ಅಮೆರಿಕದ ಮಾರ್ಕ್ ಮಿಲ್ಲರ್ ಎಂಬವರು ಇದನ್ನು ರೂಪಿಸಿದರು. ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆ 1977ರಲ್ಲಿ ಮೂರು ಸಣ್ಣ ಕಪ್ಪು ಪುಸ್ತಿಕೆಗಳಾಗಿ ಇದನ್ನು ಪ್ರಕಟಿಸಿತು. ಈಗ ಬ್ರಿಟನ್ನಿನ ಮಂಗೂಸ್ ಪಬ್ಲಿಷಿಂಗ್ ಇದರ ಹೊಸ ಆವೃತ್ತಿಗಳನ್ನು ಹೊರತರುತ್ತಿದೆ. ಇದಕ್ಕೆ ಗಣಕಯಂತ್ರ ಬೇಡ, ಮೊಬೈಲ್ ಬೇಡ. ಒಬ್ಬರು ನಿರ್ಣಾಯಕರಾಗಿ ಸನ್ನಿವೇಶವನ್ನು ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಫಲ ಖಚಿತವಿಲ್ಲದಾಗ ಎರಡು ದಾಳ ಹಾಕಬೇಕು. ಎಂಟು ಅಥವಾ ಹೆಚ್ಚು ಬಿದ್ದರೆ ಕೆಲಸ ಗೆದ್ದಂತೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪ್ರಸಂಗದ ಚೌಕಟ್ಟಿನೊಳಗೆ ತಮ್ಮ ಮಾತನ್ನು ತಾವೇ ಕಟ್ಟುವುದನ್ನು ಕಂಡವರಿಗೆ ಇದರ ಬಗೆ ಬೇಗ ಹೊಳೆದೀತು. ಇಲ್ಲಿ ಪ್ರಸಂಗವೂ ಮೊದಲೇ ನಿಶ್ಚಿತವಲ್ಲ, ಅಷ್ಟೇ ವ್ಯತ್ಯಾಸ.

ಈ ಆಟದಲ್ಲಿ ನೌಕೆಗಳನ್ನು ಆಟಗಾರರೇ ವಿನ್ಯಾಸಗೊಳಿಸಬಹುದು. ಅದಕ್ಕಾಗಿ ಹೈ ಗಾರ್ಡ್ ಎಂಬ ಪ್ರತ್ಯೇಕ ನಿಯಮಪುಸ್ತಕವೇ ಇದೆ. ನಮ್ಮ ಕೈಗೆ ಬಂದದ್ದು ಇಂಗ್ಲಿಷ್ ಪುಸ್ತಕ. ಆದುದರಿಂದ ಮಕ್ಕಳು ಮೊದಲು ಮಾಡಿದ ಕೆಲಸ ಹೆಸರಿಡುವುದು. ಡಾಕಿಂಗ್ ಕ್ಲಾಂಪ್ ಎಂಬುದಕ್ಕೆ ಅರ್ಧ ಗಂಟೆಯ ಚರ್ಚೆಯ ಬಳಿಕ “ಕೊಂಡಿ” ಎಂದಾಯಿತು. ಟ್ರ್ಯಾಕ್ಟರಿನ ಹಿಂದೆ ಟ್ರೈಲರ್ ಸಿಕ್ಕಿಸುವುದೂ ಕೊಂಡಿಯೇ ಅಲ್ಲವೇ ಎಂಬ ವಾದ ಗೆದ್ದಿತು. ಅದೇ ಹೆಸರನ್ನು ಇಲ್ಲಿಯೂ ಬಳಸುತ್ತೇನೆ.

ಟನ್ನು ಎಂದರೆ ತೂಕವಲ್ಲ

ಮೊದಲ ತೊಡಕು ಟನ್ನಿನದು. ಈ ಆಟದಲ್ಲಿ ನೌಕೆಯ ಟನ್ನು ತೂಕವನ್ನು ಹೇಳುವುದಿಲ್ಲ, ಘನಫಲವನ್ನು ಹೇಳುತ್ತದೆ. ಒಂದು ಟನ್ನು ದ್ರವ ಹೈಡ್ರೋಜನ್ ಎಷ್ಟು ಜಾಗವನ್ನು ಆಕ್ರಮಿಸುತ್ತದೆಯೋ ಅಷ್ಟು ಜಾಗವೇ ಒಂದು ಟನ್ನು. ಅಂದರೆ ಸುಮಾರು 14 ಘನ ಮೀಟರ್. ದ್ರವ ಹೈಡ್ರೋಜನ್ ಬಹಳ ಹಗುರವಾದ ದ್ರವ. ಒಂದು ಘನ ಮೀಟರ್ ನೀರು 1000 ಕಿಲೋಗ್ರಾಂ ಇದ್ದರೆ, ಅಷ್ಟೇ ದ್ರವ ಹೈಡ್ರೋಜನ್ ಸುಮಾರು 71 ಕಿಲೋಗ್ರಾಂ ಮಾತ್ರ. ಸಾವಿರವನ್ನು 71ರಿಂದ ಭಾಗಿಸಿ ನೋಡಿ, 14 ಬರುತ್ತದೆ. ನೌಕೆಯ ಇಂಧನವೇ ಹೈಡ್ರೋಜನ್ ಆದುದರಿಂದ ಅಳತೆಗೋಲೂ ಅದೇ ಆಯಿತು.

ಮಕ್ಕಳಿಗೆ ಇದನ್ನು ತರಗತಿಯ ಕೋಣೆಯಿಂದಲೇ ತೋರಿಸಬಹುದು. 7 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಘನಫಲ 126 ಘನ ಮೀಟರ್. ಅದನ್ನು 14ರಿಂದ ಭಾಗಿಸಿದರೆ 9 ಟನ್ನು. ಆಟದಲ್ಲಿ ಒಬ್ಬನೇ ಕುಳಿತು ಓಡಿಸುವ ಹಗುರ ಯುದ್ಧನೌಕೆ 10 ಟನ್ನು, ಅಂದರೆ ನಮ್ಮ ಕೋಣೆಗಿಂತ ಸ್ವಲ್ಪ ದೊಡ್ಡದು. 30 ಟನ್ನಿನ ದೋಣಿ ಮೂರು ತರಗತಿಗಳಿಗಿಂತ ತುಸು ಹೆಚ್ಚು. 200 ಟನ್ನಿನ ವ್ಯಾಪಾರಿ ನೌಕೆ ಸುಮಾರು ಇಪ್ಪತ್ತೆರಡು ತರಗತಿಗಳ ಶಾಲೆ. ಗ್ರಾಫ್ ಹಾಳೆಯ ಒಂದು ಚೌಕವನ್ನು ಒಂದೂವರೆ ಮೀಟರ್ ಎಂದು ಹಿಡಿದು, ಮೂರು ಮೀಟರ್ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಎರಡು ಚೌಕಗಳಿಗೆ ಸುಮಾರು ಒಂದು ಟನ್ನು ಆಗುತ್ತದೆ. ನಕ್ಷೆಯನ್ನು ಬರೆಯುವ ಕ್ರಮವೂ ಇದೇ.

ಕಿರುನೌಕೆ ಯಾಕೆ ಬೇಕು?

ಆಟದ ನಿಯಮದಂತೆ 100 ಟನ್ನಿಗಿಂತ ಕಡಿಮೆಯಿರುವ ನೌಕೆ ಕಿರುನೌಕೆ. ಅದರಲ್ಲಿ ಜಿಗಿತದ ಯಂತ್ರವನ್ನು ಕೂರಿಸಲಾಗದು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಅದು ತಾನಾಗಿ ಹೋಗಲಾರದು. ದೊಡ್ಡದೊಂದು ನೌಕೆ ಅದನ್ನು ಒಯ್ಯಬೇಕು. 20 ಟನ್ನಿನ ಲಾಂಚ್, 30 ಟನ್ನಿನ ದೋಣಿ, 40 ಟನ್ನಿನ ಪಿನ್ನೇಸ್, 50 ಟನ್ನಿನ ಕಟರ್, 95 ಟನ್ನಿನ ಶಟಲ್ ಇವೆಲ್ಲ ಆ ಜಾತಿಯವು. ಕಟರಿನಲ್ಲಿ ಒಂದು ವಿಶೇಷವಿದೆ: ಅದರ 50 ಟನ್ನಿನಲ್ಲಿ 30 ಟನ್ನು ಕಳಚಿ ಬದಲಾಯಿಸಬಹುದಾದ ಮಾಡ್ಯೂಲ್. ಇಂದು ಸರಕು ಒಯ್ದ ಕಟರ್ ನಾಳೆ ಜನರನ್ನು ಒಯ್ಯಬಹುದು.

ದೊಡ್ಡ ಹಡಗು ದಡದ ತನಕ ಬರಲಾರದ ಕಡೆ ಸಣ್ಣ ದೋಣಿ ಬರುತ್ತದೆಂಬುದು ಕಡಲ ಕರೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಇಕ್ಕಟ್ಟಿನ ಗಣಿಯೊಳಗೆ ನುಗ್ಗುವುದು, ಗ್ರಹದಿಂದ ಸರಕು ಏರಿಸುವುದು, ತಾಯಿನೌಕೆ ಒಡೆದಾಗ ಜೀವ ಉಳಿಸುವುದು, ಇವು ಕಿರುನೌಕೆಯ ಕೆಲಸ. ಪ್ರಶ್ನೆಯಿರುವುದು ಅದನ್ನು ಒಯ್ಯುವ ಬಗೆಯಲ್ಲಿ.

ಮೂರು ದಾರಿಗಳು

ಮೊದಲನೆಯದು ನಿಲುಗೂಡು. ತಾಯಿನೌಕೆಯ ಒಳಗೇ, ಕಿರುನೌಕೆಯ ಗಾತ್ರದ ಶೇಕಡಾ 110ರಷ್ಟು ಜಾಗವನ್ನು ಬಿಡಬೇಕು. 30 ಟನ್ನಿನ ದೋಣಿಗೆ 33 ಟನ್ನು. ದೋಣಿ ಭದ್ರವಾಗಿರುತ್ತದೆ, ಆದರೆ ಸುತ್ತ ಓಡಾಡಿ ದುರಸ್ತಿ ಮಾಡುವಷ್ಟು ಎಡೆಯಿಲ್ಲ.

ಎರಡನೆಯದು ಪೂರ್ಣ ಹ್ಯಾಂಗರ್. ಇದಕ್ಕೆ ಶೇಕಡಾ 200ರಷ್ಟು ಜಾಗ ಬೇಕು. 30 ಟನ್ನಿನ ದೋಣಿಗೆ 60 ಟನ್ನು. ಇಲ್ಲಿ ದೋಣಿಯನ್ನು ಬಿಚ್ಚಿ ರಿಪೇರಿ ಮಾಡಬಹುದು.

ಮೂರನೆಯದು ಕೊಂಡಿ. ದೋಣಿ ಹೊರಗೇ ಇರುತ್ತದೆ. ಅದನ್ನು ಹಿಡಿದುಕೊಳ್ಳುವ ಯಂತ್ರಕ್ಕೆ ಮಾತ್ರ ಒಳಗೆ ಜಾಗ ಬೇಕು. 30 ಟನ್ನಿನವರೆಗಿನ ನೌಕೆಯನ್ನು ಹಿಡಿಯುವ ಮೊದಲ ದರ್ಜೆಯ ಕೊಂಡಿಗೆ ಬೇಕಾದುದು ಕೇವಲ 1 ಟನ್ನು. 99 ಟನ್ನಿನವರೆಗಿನದಕ್ಕೆ 5 ಟನ್ನು, 300 ಟನ್ನಿನವರೆಗಿನದಕ್ಕೆ 10 ಟನ್ನು, 2000 ಟನ್ನಿನವರೆಗಿನದಕ್ಕೆ 20 ಟನ್ನು.

200 ಟನ್ನಿನ ಸಾಮಾನ್ಯ ವ್ಯಾಪಾರಿ ನೌಕೆಯಲ್ಲಿ ಸರಕಿಗೆ ಉಳಿಯುವುದು ಸುಮಾರು 80 ಟನ್ನು. ಹ್ಯಾಂಗರ್ ಕಟ್ಟಿದರೆ ಅದರಲ್ಲಿ 60 ಹೋಯಿತು, ವ್ಯಾಪಾರ ಮುಗಿಯಿತು. ಕೊಂಡಿ ಹಾಕಿದರೆ ಹೋಗುವುದು ಒಂದೇ ಟನ್ನು. ನಮ್ಮ ಮಕ್ಕಳು ಹಿಂದೆಮುಂದೆ ನೋಡದೆ ಕೊಂಡಿಯನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಂಗಡಿಯಲ್ಲಿ ಬೆಲೆ ಮಾತ್ರ ನೋಡಿ ಬಂದವರಂತೆ ಅವರು ನಿಯಮದ ಮುಂದಿನ ಸಾಲನ್ನು ಓದಿರಲಿಲ್ಲ.

ಮುಂದಿನ ಸಾಲು

ಆ ಸಾಲಿನ ಸಾರ ಇಷ್ಟು: ಕೊಂಡಿಯಲ್ಲಿ ನೌಕೆಯನ್ನು ಹಿಡಿದಿರುವಾಗ ಎರಡೂ ನೌಕೆಗಳ ಟನ್ನನ್ನು ಕೂಡಿಸಿ, ವೇಗವನ್ನೂ ಜಿಗಿತವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ನಿಲುಗೂಡಿನಲ್ಲಿರುವ ದೋಣಿ 200 ಟನ್ನಿನ ಒಳಗೇ ಸೇರಿಹೋಗಿದೆ, ಆದುದರಿಂದ ಮೊತ್ತ ಬದಲಾಗದು. ಹೊರಗಿರುವ ದೋಣಿ ಆ 200ರ ಮೇಲೆ ಸೇರುತ್ತದೆ. ಜಿಗಿಯುವ ಯಂತ್ರ ಹೊರಗಿನ ದೋಣಿಯನ್ನೂ ಸುತ್ತುವರಿದೇ ಒಯ್ಯಬೇಕಲ್ಲವೇ? ಒಂದು ಪಾರ್ಸೆಕ್, ಅಂದರೆ ಸುಮಾರು 3.26 ಜ್ಯೋತಿರ್ವರ್ಷ, ಜಿಗಿಯಲು 200 ಟನ್ನಿಗೆ ಸರಿಹೊಂದುವ ಯಂತ್ರ 230 ಟನ್ನನ್ನು ಜಿಗಿಸಲಾರದು. ಅರೆ ಜಿಗಿತವೆಂಬುದು ಈ ಆಟದಲ್ಲಿ ಇಲ್ಲ.

ಹಾಗಾದರೆ ಕೊಂಡಿ ಮೋಸವೇ? ಅಲ್ಲ. ಲೆಕ್ಕವನ್ನು ಮೊದಲೇ ಮಾಡಿದ್ದರೆ ಅದು ಈಗಲೂ ಲಾಭವೇ. ಒಂದು ಪಾರ್ಸೆಕ್ ಜಿಗಿತದ ಯಂತ್ರದ ಗಾತ್ರ ಒಟ್ಟು ಟನ್ನಿನ ಶೇಕಡಾ 2.5, ಅದಕ್ಕೆ 5 ಟನ್ನು ಕೂಡಿಸಬೇಕು. ಇಂಧನ ಒಟ್ಟಿನ ಶೇಕಡಾ 10. ಸಾಮಾನ್ಯ ಓಟದ ಯಂತ್ರ ಒಂದು ಜಿ ವೇಗೋತ್ಕರ್ಷಕ್ಕೆ ಶೇಕಡಾ 1. ವಿದ್ಯುತ್ತಿನ ಸಣ್ಣ ಹೆಚ್ಚಳವನ್ನು ಸದ್ಯ ಬದಿಗಿಡೋಣ.

200 ಟನ್ನಿಗೆ: ಜಿಗಿತದ ಯಂತ್ರ 10, ಇಂಧನ 20, ಓಟದ ಯಂತ್ರ 2, ಒಟ್ಟು 32 ಟನ್ನು.

230 ಟನ್ನಿಗೆ: ಜಿಗಿತದ ಯಂತ್ರ 10.75, ಇಂಧನ 23, ಓಟದ ಯಂತ್ರ 2.3, ಕೊಂಡಿ 1, ಒಟ್ಟು 37.05 ಟನ್ನು.

ವ್ಯತ್ಯಾಸ 5.05 ಟನ್ನು. ನಿಲುಗೂಡಿನ 33 ಟನ್ನಿಗೂ ಹ್ಯಾಂಗರಿನ 60 ಟನ್ನಿಗೂ ಹೋಲಿಸಿದರೆ ಇದು ಅಲ್ಪ. ಆದರೆ ಕೊಂಡಿಯ ನಿಜವಾದ ಬೆಲೆ ಒಂದು ಟನ್ನಲ್ಲ, ಐದು ಟನ್ನು. ಆ ನಾಲ್ಕು ಟನ್ನುಗಳನ್ನು ನೌಕೆ ಕಟ್ಟುವ ದಿನವೇ ತೆಗೆದಿಡಬೇಕು. ಕಳ್ಳನೌಕೆ ಬೆನ್ನಟ್ಟಿದ ಮೇಲೆ ಎಲ್ಲಿಂದ ತರುವುದು? 50 ಟನ್ನಿನ ಕಟರಿಗೆ ಇದೇ ಲೆಕ್ಕವನ್ನು ನಿಮ್ಮ ಮನೆಯ ಮಕ್ಕಳು ಮಾಡಿ ನೋಡಲಿ, ವ್ಯತ್ಯಾಸ 11.75 ಟನ್ನು ಬರಬೇಕು.

ಆಟದ ಹೊರಗೂ ಇದೇ ನ್ಯಾಯ

ಟ್ರಾವೆಲರ್ ಪ್ರಕಟವಾದ 1977ರಲ್ಲಿಯೇ ಅಮೆರಿಕದ ನಾಸಾ ಸಂಸ್ಥೆ ಎಂಟರ್‌ಪ್ರೈಸ್ ಎಂಬ ಪರೀಕ್ಷಾ ನೌಕೆಯನ್ನು ಬೋಯಿಂಗ್ 747 ವಿಮಾನದ ಬೆನ್ನಿನ ಮೇಲೆ ಹೊತ್ತೊಯ್ದು, ಆಗಸ್ಟ್ 12ರಂದು ಆಕಾಶದಲ್ಲಿ ಮೊದಲ ಬಾರಿಗೆ ಕಳಚಿ ಬಿಟ್ಟಿತು. ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರೇ ಕಡೆ ಅದನ್ನು ಬಿಗಿಯಲಾಗಿತ್ತು. ಮುಂದಿನ ವರ್ಷಗಳಲ್ಲಿ ಬಾಹ್ಯಾಕಾಶದಿಂದ ಮರಳಿದ ಶಟಲ್‌ಗಳನ್ನು ದೇಶದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ದದ್ದೂ ಹೀಗೆಯೇ. ಖಾಲಿ ಇರುವಾಗ ಸಾಗರವನ್ನೇ ದಾಟಬಲ್ಲ ಆ ವಿಮಾನ, ಶಟಲ್ ಹೊತ್ತಾಗ ದಾರಿಯಲ್ಲಿ ಇಂಧನಕ್ಕಾಗಿ ಇಳಿಯಬೇಕಾಗುತ್ತಿತ್ತು. ಹೊರಗೆ ಕಟ್ಟಿದ್ದಕ್ಕೆ ತೂಕವಿದೆ, ಗಾಳಿಯ ತಡೆಯೂ ಇದೆ.

ಕೊಂಡಿಯನ್ನು ಕಳಚಿದರೆ ಕಷ್ಟ ತೀರುತ್ತದೆಂದೂ ಹೇಳುವಂತಿಲ್ಲ. 1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ತಮ್ಮ ಜೆಮಿನಿ 8 ನೌಕೆಯನ್ನು ಅಜೀನಾ ಎಂಬ ನೌಕೆಗೆ ಜೋಡಿಸಿದರು. ಬಾಹ್ಯಾಕಾಶದಲ್ಲಿ ನಡೆದ ಮೊತ್ತಮೊದಲ ಜೋಡಣೆ ಅದು. ಸ್ವಲ್ಪ ಹೊತ್ತಿನಲ್ಲೇ ಎರಡೂ ಸೇರಿ ಉರುಳತೊಡಗಿದವು. ದೋಷ ಅಜೀನಾದ್ದೆಂದು ಭಾವಿಸಿ ಅವರು ಕಳಚಿಕೊಂಡರು. ನೌಕೆ ಇನ್ನೂ ಜೋರಾಗಿ ತಿರುಗಿತು. ಸೆಕೆಂಡಿಗೆ ಸುಮಾರು ಒಂದು ಸುತ್ತು. ನಿಜವಾಗಿ ನಿಲ್ಲದೆ ಉರಿಯುತ್ತಿದ್ದುದು ಜೆಮಿನಿಯದೇ ಒಂದು ಪುಟ್ಟ ಎಂಜಿನ್. ಅಷ್ಟು ಹೊತ್ತು ಅಜೀನಾದ ರಾಶಿ ಆ ತಿರುಗಾಟವನ್ನು ತಡೆದು ಹಿಡಿದಿತ್ತು. ಆರ್ಮ್‌ಸ್ಟ್ರಾಂಗ್ ಬೇರೆ ಎಂಜಿನ್‌ಗಳ ನೆರವಿನಿಂದ ನೌಕೆಯನ್ನು ಸ್ಥಿರಗೊಳಿಸಿ, ಯಾನವನ್ನು ಅಲ್ಲಿಗೇ ನಿಲ್ಲಿಸಿ ಭೂಮಿಗೆ ಮರಳಿದರು.

ಕಿರುನೌಕೆಯ ಬೆಲೆಯನ್ನು ಜಗತ್ತು ಕಂಡದ್ದು 1970ರ ಏಪ್ರಿಲ್‌ನಲ್ಲಿ. ಚಂದ್ರನತ್ತ ಹೊರಟಿದ್ದ ಅಪೋಲೋ 13ರಲ್ಲಿ ಆಮ್ಲಜನಕದ ತೊಟ್ಟಿ ಸ್ಫೋಟಿಸಿದಾಗ ಮೂವರು ಯಾನಿಗಳು ಮುಖ್ಯ ನೌಕೆಗೆ ಜೋಡಿಸಿದ್ದ ಚಂದ್ರನೌಕೆಯೊಳಗೆ ಆಶ್ರಯ ಪಡೆದರು. ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ ಆ ನೌಕೆ ಮೂವರನ್ನು ಸುಮಾರು ನಾಲ್ಕು ದಿನ ಕಾಪಾಡಿತು. ಅಲ್ಲಿಯೂ ಒಂದು ಕೊಂಡಿಯ ಸಮಸ್ಯೆ ಎದುರಾಯಿತು. ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಡಬ್ಬಿಗಳು ಮುಖ್ಯ ನೌಕೆಯಲ್ಲಿ ಚೌಕಾಕಾರ, ಚಂದ್ರನೌಕೆಯಲ್ಲಿ ದುಂಡು. ಒಂದರದು ಇನ್ನೊಂದಕ್ಕೆ ಕೂರದು. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಗಳಿಂದ ಜೋಡಣೆಯೊಂದನ್ನು ಮಾಡಿ ಬದುಕಿದರು. ಎರಡು ನೌಕೆ ಜೋಡಿಸಿದರೆ ಸಾಲದು, ಅವುಗಳೊಳಗಿನ ಸಾಮಾನೂ ಒಂದಕ್ಕೊಂದು ಹೊಂದಬೇಕೆಂಬ ಪಾಠ ಅದು.

ನಮ್ಮ ದೇಶದ ಉದಾಹರಣೆಯೂ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳನ್ನು ಹಾರಿಸಿತು. ಒಂದೊಂದೂ ಸುಮಾರು 220 ಕಿಲೋಗ್ರಾಂ. ಜೋಡಣೆಯ ದಿನವನ್ನು ಅವಸರಪಡದೆ ಮುಂದೂಡಿದರು. ಒಮ್ಮೆ 15 ಮೀಟರ್, ಬಳಿಕ 3 ಮೀಟರ್ ಹತ್ತಿರ ತಂದು ನೋಡಿ ಮತ್ತೆ ದೂರ ಸರಿಸಿದರು. 2025ರ ಜನವರಿ 16ರಂದು ಅವು ಕೂಡಿಕೊಂಡವು; ಅಮೆರಿಕ, ರಷ್ಯಾ, ಚೀನಾಗಳ ಬಳಿಕ ಭಾರತ ಈ ವಿದ್ಯೆಯನ್ನು ಸಾಧಿಸಿದ ನಾಲ್ಕನೆಯ ದೇಶವಾಯಿತು. ಮಾರ್ಚ್ 13ರಂದು ಅವುಗಳನ್ನು ಬೇರ್ಪಡಿಸಲಾಯಿತು. ಕೂಡಿಸಿದಷ್ಟೇ ಜೋಪಾನವಾಗಿ ಕಳಚುವುದೂ ಕೊಂಡಿಯ ಕೆಲಸವೇ.

ದೋಣಿಯಲ್ಲಿ ಎಷ್ಟು ದೂರ?

ನಮ್ಮ ಮಕ್ಕಳು ತಮ್ಮ ದೋಣಿಗೆ 3 ಟನ್ನಿನ ಪೂರ್ಣ ಚಾಲಕ ಕೋಣೆಯ ಬದಲು 1.5 ಟನ್ನಿನ ಸಣ್ಣ ಚಾಲಕ ಗೂಡನ್ನು ಹಾಕಿ ಜಾಗ ಉಳಿಸಿದ್ದರು. ಅದಕ್ಕೂ ಒಂದು ಮಿತಿಯಿದೆ: ಗೂಡಿನ ಗಾಳಿ 24 ಗಂಟೆಗೆ ಮಾತ್ರ. 24 ಗಂಟೆಯಲ್ಲಿ ಎಷ್ಟು ದೂರ ಹೋಗಬಹುದು? ಅರ್ಧ ದಾರಿಯವರೆಗೆ ವೇಗ ಹೆಚ್ಚಿಸುತ್ತಾ, ಉಳಿದರ್ಧ ತಗ್ಗಿಸುತ್ತಾ ಹೋದರೆ, ತಗಲುವ ಕಾಲವು ದೂರವನ್ನು ವೇಗೋತ್ಕರ್ಷದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲದ ಎರಡರಷ್ಟು. ಚಂದ್ರನ ದೂರ 3,84,400 ಕಿಲೋಮೀಟರ್. ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ 10 ಮೀಟರ್ ಎಂದು ಹಿಡಿಯೋಣ. 38,44,00,000 ಮೀಟರನ್ನು 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ 6200. ಎರಡರಷ್ಟು 12,400 ಸೆಕೆಂಡು. ಹೆಚ್ಚುಕಡಿಮೆ ಮೂರೂವರೆ ಗಂಟೆ. ಇದೇ ಸೂತ್ರವನ್ನು ತಿರುಗಿಸಿದರೆ 24 ಗಂಟೆಗೆ ಸುಮಾರು 1 ಕೋಟಿ 87 ಲಕ್ಷ ಕಿಲೋಮೀಟರ್ ಬರುತ್ತದೆ. ಗಣಿ ಅದಕ್ಕಿಂತ ಹತ್ತಿರವಿದ್ದರೆ ದೋಣಿ ಸಾಕು. ದೂರವಿದ್ದರೆ ಒಳಗಿನವರು ತಲುಪುವ ಮೊದಲೇ ಗಾಳಿ ಮುಗಿಯುತ್ತದೆ. ವರ್ಗಮೂಲ ಯಾಕೆ ಕಲಿಯಬೇಕೆಂದು ಆ ದಿನ ಯಾರೂ ಕೇಳಲಿಲ್ಲ.

ಅಂದಿನ ತೀರ್ಮಾನ

ಜಗಲಿಯ ನೌಕೆಯ ಕಥೆಗೆ ಮರಳೋಣ. ನಾಲ್ವರು ಯಾನಿಗಳು, ನಾಲ್ವರು ಕೆಲಸಗಾರರು. ಎಂಟು ಜನಕ್ಕೆ ತಾಯಿನೌಕೆಯಲ್ಲಿ ಎಡೆಯಿತ್ತು. ದೋಣಿಯನ್ನು ಕಳಚಿ ಬಿಟ್ಟರೆ 200 ಟನ್ನಿನ ನೌಕೆ ಜಿಗಿಯುತ್ತದೆ. ಆದರೆ ಜಿಗಿತಕ್ಕೆ ಒಂದು ವಾರ ಬೇಕು. ಹೊಸ ನಕ್ಷತ್ರದ ಬಳಿ ಏನಾದರೂ ಕೆಟ್ಟರೆ ಇಳಿದು ಪಾರಾಗಲು ದೋಣಿಯಿರದು. “ದೋಣಿ ಇಲ್ಲದೆ ಹೋಗುವುದು ಸರಿಯಲ್ಲ” ಎಂದು ಇಬ್ಬರು, “ದೋಣಿಗಾಗಿ ಎಂಟು ಜನರನ್ನು ಒಪ್ಪಿಸುವುದು ಸರಿಯೇ” ಎಂದು ಇಬ್ಬರು. ಒಂದು ಗಂಟೆ ವಾದ ನಡೆಯಿತು. ನಾನು ಬಾಯಿ ಹಾಕಲಿಲ್ಲ. ಕೊನೆಗೆ ದೋಣಿ ಕಟ್ಟಿದ ಹುಡುಗಿಯೇ ಎದ್ದು, ತಾನು ಎರಡು ದಿನ ಕುಳಿತು ಬಿಡಿಸಿದ್ದ ಆ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. “ಜಿಗಿಯುವ ಟೀಚರ್” ಎಂದಳು.

ದಾಳ ಒಂಬತ್ತು ಬಿತ್ತು. ಎಂಟು ಜನರೂ ಉಳಿದರು.

ಮರುದಿನ ಅವರೇ ಹೊಸ ಹಾಳೆ ತಂದು 230 ಟನ್ನಿನಿಂದಲೇ ಲೆಕ್ಕವನ್ನು ಆರಂಭಿಸಿದರು. ಸರಕಿನ ಜಾಗ ಐದು ಟನ್ನು ಕಡಿಮೆಯಾದುದಕ್ಕೆ ಯಾರೂ ಗೊಣಗಲಿಲ್ಲ. ದೋಣಿಗೆ ಈ ಸಲ ಪೂರ್ಣ ಚಾಲಕ ಕೋಣೆ ಬಂತು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಇದಕ್ಕೆ ಬೇಕಾದುದು ಗ್ರಾಫ್ ಹಾಳೆ, ಪೆನ್ಸಿಲು, ಎರಡು ದಾಳ, ಕೇಳುವ ಒಬ್ಬ ಹಿರಿಯರು. ಇಂಗ್ಲಿಷ್ ಪುಸ್ತಕದ ಮುಂದೆ ಹಿಂಜರಿಯಬೇಕಾಗಿಲ್ಲ. ಶೇಕಡಾ, ಘನಫಲ, ವರ್ಗಮೂಲ, ವೇಗೋತ್ಕರ್ಷ ಇವೆಲ್ಲ ಮಕ್ಕಳ ಪಾಠಪುಸ್ತಕದಲ್ಲಿ ಕನ್ನಡದಲ್ಲೇ ಇವೆ. ಮೊದಲ ದಿನ ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆದು, ಅದು ಎಷ್ಟು ಟನ್ನೆಂದು ಮಕ್ಕಳೊಡನೆ ಕುಳಿತು ಲೆಕ್ಕ ಹಾಕಿ ನೋಡಿ. ಉಳಿದುದನ್ನು ಮುಂದಿನ ದಿನಗಳಲ್ಲಿ ಮಕ್ಕಳೇ ಕೇಳುತ್ತಾರೆ.